ಸಾಲದ ಓದಿಗಿಂತ ನೇರ ಅರ್ಜಿ ಮೇಲು

ಪ್ರಶ್ನೆ: ನನಗೆ 34 ವರ್ಷ, ಸಿವಿಲ್ ಎಂಜಿನಿಯರ್, ಒಂಬತ್ತು ವರ್ಷದ ಅನುಭವವಿದೆ. ಮದುವೆಯಾಗಿದೆ. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವಾಸೆ. ಸಾಲ ಮಾಡಿ ಅಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಓದಲೇ, ಇಲ್ಲಿಂದಲೇ ಅರ್ಜಿ ಹಾಕಲೇ?

ಉತ್ತರ: ಇಲ್ಲಿಂದಲೇ ಹಾಕಿ. ಓದಿನ ನಂತರ ಸಿಗುವ 485 ಕೆಲಸದ ವೀಸಾಕ್ಕೆ 2024ರ ಜುಲೈನಿಂದ ವಯೋಮಿತಿ 35. ನಿಮ್ಮ ಕೋರ್ಸ್ ಮುಗಿಯುವಾಗ ನಿಮಗೆ 36 ದಾಟಿರುತ್ತದೆ; ಸಾಲ ಉಳಿಯುತ್ತದೆ, ವೀಸಾ ಇರುವುದಿಲ್ಲ. ನೇರ ಅರ್ಜಿಗೆ ಬೇಕಾದ ಅಂಕಗಳ ಈಗಿನ ಲೆಕ್ಕ ನೋಡಿ: ವಯಸ್ಸಿಗೆ 25, ಪದವಿಗೆ 15, ಅನುಭವ ಪೂರ್ತಿ ಮಾನ್ಯವಾದರೆ 15. ಇಂಗ್ಲಿಷ್‌ನಲ್ಲಿ ಅತ್ಯುನ್ನತ ಮಟ್ಟ ತಲುಪಿದರೆ 20, ಅದರ ಕೆಳಗಿನ ಮಟ್ಟಕ್ಕೆ 10 ಮಾತ್ರ. ಹಾಗಾಗಿ ಕೋರ್ಸ್ ಫೀಸಿನ ಚೂರುಪಾರನ್ನು ಭಾಷಾ ಪರೀಕ್ಷೆಯ ತಯಾರಿಗೆ ಹಾಕಿ. ಪತ್ನಿಯೂ ಸಾಧಾರಣ ಮಟ್ಟದಲ್ಲಿ ಪಾಸಾದರೆ ಇನ್ನೂ 5. ಕನಿಷ್ಠ ಮಿತಿ 65 ಎಂದು ಹಿಗ್ಗಬೇಡಿ, ವೀಸಾ ಅರ್ಜಿಗೆ ಆಹ್ವಾನ ಬರುವುದು ಹೆಚ್ಚು ಅಂಕದವರಿಗೆ. ಮೊದಲ ಹೆಜ್ಜೆ ಎಂಜಿನಿಯರ್ಸ್ ಆಸ್ಟ್ರೇಲಿಯಾದಿಂದ ವೃತ್ತಿ ಮೌಲ್ಯಮಾಪನ.

189 ಮತ್ತು 190 ನೇರ ಕಾಯಂ ವೀಸಾಗಳು. ರಾಜ್ಯದ ನಾಮನಿರ್ದೇಶನವಿರುವ 190ಕ್ಕೆ 5 ಅಂಕ, ಪ್ರಾದೇಶಿಕ ವೀಸಾ 491ಕ್ಕೆ 15. ‘491 ತಾತ್ಕಾಲಿಕವಲ್ಲವೇ, ಹಳ್ಳಿಮೂಲೆಗೆ ಹೋಗಬೇಕಲ್ಲವೇ?’ ಎನ್ನಬಹುದು. ಅದರ ಅವಧಿ ಐದು ವರ್ಷ. ಮೂರು ವರ್ಷ ಷರತ್ತಿನಂತೆ ಬಾಳಿ ತೆರಿಗೆ ದಾಖಲೆ ಕೊಟ್ಟರೆ 191 ವೀಸಾದಲ್ಲಿ ಕಾಯಂ ಆಗಬಹುದು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಪರ್ತ್, ಅಡಿಲೇಡ್ ಕೂಡ ‘ಪ್ರಾದೇಶಿಕ’ವೇ, ಹಳ್ಳಿಯಲ್ಲ! 189, 190, 491 ಮೂರಕ್ಕೂ ಆಸಕ್ತಿ ಪತ್ರ ಸಲ್ಲಿಸಿ. ಹಿಂದೆ ವೀಸಾ ತಿರಸ್ಕೃತವಾಗಿದ್ದರೆ, ಕುಟುಂಬದಲ್ಲಿ ಗಂಭೀರ ಕಾಯಿಲೆಯಿದ್ದರೆ ಆಸ್ಟ್ರೇಲಿಯಾದಲ್ಲಿ ನೋಂದಾಯಿತ ವಲಸೆ ಏಜೆಂಟರನ್ನೇ ಕಾಣಿ, ಅವರ ನೋಂದಣಿ ಸಂಖ್ಯೆಯನ್ನು ಸರ್ಕಾರಿ ಪಟ್ಟಿಯಲ್ಲಿ ನೋಡಿಕೊಂಡೇ ಹಣ ಕೊಡಿ.