ಮೀಟರ್ ಬದಲಾದ ದಿನದ ರೀಡಿಂಗ್

ಹಳೆಯ ಮೀಟರ್ ಬಿಚ್ಚಿ ಸ್ಮಾರ್ಟ್ ಮೀಟರ್ ಕೂರಿಸುವ ದಿನ ಗ್ರಾಹಕರು ಬಿಡಲೇಬಾರದ ಅಂಕಿ ಒಂದೇ: ಹಳೆಯ ಮೀಟರಿನ ಕೊನೆಯ ರೀಡಿಂಗ್. ಗುತ್ತಿಗೆದಾರರ ಕಡೆಯವರು ಅವಸರದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಆ ಅಂಕಿ ಬಿಲ್ಲಿಂಗ್ ತಂತ್ರಾಂಶಕ್ಕೆ ತಪ್ಪಾಗಿ ಏರಿದರೆ ತಿಂಗಳುಗಳ ನಂತರ ಹಿಂಬಾಕಿಯ ಬಿಲ್ ಬರುತ್ತದೆ. ಅಷ್ಟರಲ್ಲಿ ಹಳೆಯ ಮೀಟರ್ ಎಲ್ಲಿದೆಯೆಂದು ಹೇಳುವವರೇ ಇರುವುದಿಲ್ಲ.

ಆದ್ದರಿಂದ ಬಿಚ್ಚುವ ಮೊದಲೇ ಮೀಟರಿನ ಕ್ರಮಸಂಖ್ಯೆ ಮತ್ತು ರೀಡಿಂಗ್ ಕಾಣುವಂತೆ ಫೋಟೊ ತೆಗೆಯಬೇಕು, ಹೊಸದರದ್ದೂ ಅಷ್ಟೇ. ಅಂಕಿ ತುಂಬದ ವರದಿಗೆ ಸಹಿ ಹಾಕಬಾರದು. ಮನೆಯಲ್ಲಿ ಯಾರೂ ಇಲ್ಲದಾಗ ಬದಲಾಗಿದ್ದರೆ, ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಬರೆದು, ಬದಲಾವಣೆ ವರದಿಯ ಪ್ರತಿ ಕೇಳಿ, ಉಪವಿಭಾಗದ ಕಚೇರಿಗೆ ಕೂಡಲೇ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಪಡೆಯಬೇಕು. ಕೌಂಟರಿನಲ್ಲಿ ಬಾಯಿಮಾತಲ್ಲಿ ಹೇಳಿ ಬಂದ ದೂರು ಯಾವ ಕಡತದಲ್ಲೂ ಸಿಗುವುದಿಲ್ಲ.

ಹೊಸ ಮೀಟರ್ ಹೆಚ್ಚು ಓಡುತ್ತಿದೆ ಎನಿಸಿದರೆ ಲಿಖಿತವಾಗಿ ಚೆಕ್ ಮೀಟರ್, ಅಂದರೆ ತಾಳೆ ನೋಡಲು ಹಾಕುವ ಹೆಚ್ಚುವರಿ ಮೀಟರ್, ಕೇಳಬಹುದು. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯಂತೆ, ದೂರು ಬಂದ 5 ದಿನದೊಳಗೆ ಅದನ್ನು ಹಾಕಿ ಕನಿಷ್ಠ 3 ತಿಂಗಳು ಬಳಕೆಯನ್ನು ತಾಳೆ ನೋಡಬೇಕು. ‘ಸ್ಮಾರ್ಟ್ ಮೀಟರ್ ತಪ್ಪುವುದಿಲ್ಲ’ ಎಂಬ ಅಧಿಕಾರಿಯ ಮಾತು ದೂರಿಗೆ ಉತ್ತರವಲ್ಲ. ಸ್ಮಾರ್ಟ್ ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆಯನ್ನು ಹಿಡಿದು, ಅದನ್ನು ಕೂರಿಸುವ ಮೊದಲಿನ ಅವಧಿಗೆ ದಂಡ ಹಾಕುವಂತೆಯೂ ಇಲ್ಲ.

ಬಾಕಿಗಾಗಿ ಸಂಪರ್ಕ ಕಡಿಯಲು ವಿದ್ಯುಚ್ಛಕ್ತಿ ಕಾಯ್ದೆ 2003ರ ಕಲಂ 56ರಂತೆ ಪೂರ್ಣ 15 ದಿನಗಳ ಲಿಖಿತ ನೋಟಿಸ್ ಬೇಕು. ಬಿಲ್ಲಿನ ಮೊತ್ತ, ಇಲ್ಲವೇ ಹಿಂದಿನ 6 ತಿಂಗಳ ಸರಾಸರಿಯ ಲೆಕ್ಕ, ಯಾವುದು ಕಡಿಮೆಯೋ ಅದನ್ನು ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಕಟ್ಟಿದರೆ ವಿವಾದ ತೀರುವವರೆಗೆ ಕಡಿಯುವಂತಿಲ್ಲ. ಸುಮ್ಮನೆ ಕಟ್ಟಿದರೆ ಒಪ್ಪಿಕೊಂಡಂತೆ ಎಂದು ಮುಂದೆ ವಾದಿಸುತ್ತಾರೆ. ಬಾಕಿ ವಸೂಲಿಗೆ ಅದೇ ಕಲಂ ಇಟ್ಟಿರುವ ಎರಡು ವರ್ಷದ ಮಿತಿ ದಾಟಿತು, ಬಾಕಿ ತಾನಾಗಿ ಸತ್ತಿತು ಎಂದು ನಂಬುವುದೂ ಅಪಾಯ: ಆ ಅವಧಿ ಬಳಕೆಯ ದಿನದಿಂದಲ್ಲ, ಬಿಲ್ ಕೊಟ್ಟ ಮೇಲೆ ಶುರುವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಉಪವಿಭಾಗದಲ್ಲಿ ಬಗೆಹರಿಯದ ದೂರು ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ, ಅಲ್ಲಿಂದ ಓಂಬುಡ್ಸ್‌ಮನ್‌ಗೆ ಹೋಗುತ್ತದೆ. ಆದರೆ ಬಿಲ್ಲಿನ ಬದಲು ಅದೇ ಕಾಯ್ದೆಯ ಕಲಂ 126ರಡಿ, ಅನಧಿಕೃತ ಬಳಕೆ ಎಂಬ ಅಂತಿಮ ಆದೇಶ ಬಂದಿದ್ದರೆ ದಾರಿಯೇ ಬೇರೆ. ಕಲಂ 127ರ ಮೇಲ್ಮನವಿ ಪ್ರಾಧಿಕಾರದ ಮುಂದೆ 30 ದಿನದೊಳಗೆ, ಅರ್ಧ ಮೊತ್ತ ಠೇವಣಿ ಇಟ್ಟು ಹೋಗಬೇಕು. ‘ಸಾಹೇಬರಿಗೆ ಹೇಳಿ ಸರಿಮಾಡಿಸುತ್ತೇನೆ’ ಎನ್ನುವ ಮಧ್ಯವರ್ತಿಗಳು ನುಂಗಿಹಾಕುವುದು ಈ 30 ದಿನಗಳನ್ನೇ.