ಇಂಗಾಲದ ಎಳೆಗೆ ಯಾವ ರಾಳ?

ಮಣ್ಣಿನ ಗೋಡೆಯನ್ನು ಕಟ್ಟುವವರು ಮಣ್ಣಿಗೆ ಹುಲ್ಲನ್ನು ಬೆರೆಸಿ ತುಳಿಯುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಹುಲ್ಲು ಗೋಡೆ ಬಿರಿಯದಂತೆ ಎಳೆದು ಹಿಡಿಯುತ್ತದೆ. ಮಣ್ಣು ಹುಲ್ಲನ್ನು ಅದರ ಸ್ಥಾನದಲ್ಲಿ ನಿಲ್ಲಿಸುತ್ತದೆ. 1981ರಲ್ಲಿ ಮೆಕ್‌ಲಾರೆನ್ ತಂಡವು ತನ್ನ ಎಂ.ಪಿ. 4/1 ಎಂಬ ಪಂದ್ಯದ ಕಾರಿನ ಒಡಲನ್ನು ಇಂಗಾಲದ ಎಳೆಗಳಿಂದ ರಚಿಸಿದಾಗ ಅನುಸರಿಸಿದುದೂ ಇದೇ ತತ್ತ್ವವನ್ನು. ಇಂದು ಇಂಗಾಲದ ಎಳೆಗಳಿಂದ ನೇಯ್ದ ಬಟ್ಟೆ ಎಲ್ಲರಿಗೂ ಕೊಳ್ಳಲು ದೊರೆಯುತ್ತದೆ. ಆದುದರಿಂದ ವಿದ್ಯಾರ್ಥಿಗಳು ಸಹ ಕಾರಿನ ಬಾನೆಟ್ಟು, ಕನ್ನಡಿಯ ಕವಚ ಮುಂತಾದುವನ್ನು ತಾವೇ ತಯಾರಿಸತೊಡಗಿದ್ದಾರೆ.

ನನ್ನ ವಿದ್ಯಾರ್ಥಿಯೊಬ್ಬನು ಹೀಗೆಯೇ ಬಹಳ ಶ್ರಮದಿಂದ ಬಾನೆಟ್ಟೊಂದನ್ನು ತಯಾರಿಸಿದನು. ಡಿಸೆಂಬರಿನಲ್ಲಿ ಸಮವಾಗಿದ್ದ ಅದು ಏಪ್ರಿಲಿನ ಬಿಸಿಲಿನಲ್ಲಿ ನಡುವೆ ತಗ್ಗಿತು. ಒಂದು ಎಳೆಯೂ ಹರಿದಿರಲಿಲ್ಲ. ಹಾಗಾದರೆ ತಪ್ಪಿದುದೆಲ್ಲಿ?

ಇಂಗಾಲದ ಎಳೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 7 ಭಾಗ. ಎಂದರೆ ತಲೆಗೂದಲಿನ ಹತ್ತರಲ್ಲೊಂದು ಪಾಲು. ಎಳೆದಾಗ ಉಕ್ಕಿನ ಬಲವನ್ನೂ ಮೀರಿಸುವ ಈ ಎಳೆ, ಒತ್ತಿದಾಗ ದಾರದಂತೆ ಬಾಗಿಬಿಡುತ್ತದೆ. ಅದು ಬಾಗದಂತೆ ಎಲ್ಲ ಕಡೆಯಿಂದಲೂ ಆತು ಹಿಡಿಯುವುದು, ಒಂದು ಎಳೆಯ ಮೇಲಿನ ಭಾರವನ್ನು ನೆರೆಯ ಎಳೆಗೆ ದಾಟಿಸುವುದು ರಾಳದ ಕೆಲಸ. ರಾಳ ಮೆತ್ತಗಾದರೆ ಕಾರಿನ ಭಾಗವು ಮತ್ತೆ ಬಟ್ಟೆಯ ಗುಣಕ್ಕೆ ತಿರುಗತೊಡಗುತ್ತದೆ.

ಮೂರು ಬಗೆಯ ರಾಳಗಳು

ಪಾಲಿಎಸ್ಟರ್ ರಾಳ ಅಗ್ಗವಾದುದು. ಹಾಲಿಗೆ ಹೆಪ್ಪು ಹಾಕುವಂತೆ ಇದಕ್ಕೆ ಶೇಕಡ 1ರಿಂದ 2ರಷ್ಟು ಪೆರಾಕ್ಸೈಡನ್ನು ಸೇರಿಸಿದರೆ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗುವಾಗ ಇದು ಬಹಳ ಕುಗ್ಗುತ್ತದೆ. ಇಂಗಾಲದ ಎಳೆಯನ್ನು ಬಲವಾಗಿ ಹಿಡಿಯುವುದೂ ಇಲ್ಲ. ವಿನೈಲ್ ಎಸ್ಟರ್ ಇದಕ್ಕಿಂತ ಗಟ್ಟಿಮುಟ್ಟಾದುದು. ಬೆಲೆಯಲ್ಲಿಯೂ ಗುಣದಲ್ಲಿಯೂ ಮಧ್ಯಮ. ಎಪಾಕ್ಸಿ ದುಬಾರಿಯಾದರೂ ಕುಗ್ಗುವುದು ಕಡಮೆ. ಎಳೆಗಳಿಗೆ ಕಾರ್ಖಾನೆಯಲ್ಲಿ ಬಳಿಯುವ ತೆಳುವಾದ ಲೇಪವು ಸಾಮಾನ್ಯವಾಗಿ ಎಪಾಕ್ಸಿಗೆ ಹೊಂದುವಂಥದೇ ಆಗಿರುತ್ತದೆ. ಆದುದರಿಂದ ಇಂಗಾಲದ ಬಟ್ಟೆಗೆ ಎಪಾಕ್ಸಿಯೇ ಮೊದಲ ಆಯ್ಕೆ.

ಇಲ್ಲೊಂದು ಎಚ್ಚರಿಕೆ. ಎಪಾಕ್ಸಿಗೆ ಸೇರಿಸುವ ಹಾರ್ಡನರ್ ಹೆಪ್ಪಿನಂಥದಲ್ಲ. ಅದರ ಅಣುಗಳು ರಾಳದ ಅಣುಗಳೊಡನೆ, ಅಂಗಿಯ ಗುಂಡಿ ಕಾಜವನ್ನು ಸೇರುವಂತೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಹೆಚ್ಚು ಸುರಿದರೆ ಜೊತೆಯಿಲ್ಲದ ಗುಂಡಿಗಳು ಉಳಿದು ರಾಳ ಮೆತ್ತಗಾಗುವುದು. ಆದುದರಿಂದ ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು.

ಉಷ್ಣತೆಯ ಮಿತಿ

ಎಪಾಕ್ಸಿಯನ್ನೇ ಆರಿಸಿದ ಆ ವಿದ್ಯಾರ್ಥಿಯ ಬಾನೆಟ್ಟು ತಗ್ಗಿದುದೇಕೆ? ಪ್ರತಿಯೊಂದು ರಾಳಕ್ಕೂ ಒಂದು ಉಷ್ಣತೆಯ ಮಿತಿಯುಂಟು. ಅದಕ್ಕಿಂತ ಕೆಳಗೆ ರಾಳ ಗಾಜಿನಂತೆ ಬಿಗಿಯಾಗಿಯೂ, ಮೇಲೆ ರಬ್ಬರಿನಂತೆ ಮೆತ್ತಗೂ ಇರುತ್ತದೆ. ಇದನ್ನು ಗಾಜುಸ್ಥಿತಿಯ ಉಷ್ಣತೆ ಎನ್ನಬಹುದು. ರಾಳ ಗಟ್ಟಿಯಾಗುತ್ತ ಹೋದಂತೆ ಈ ಮಿತಿಯೂ ಏರುತ್ತದೆ. ಆದರೆ ಅದು ಸುತ್ತಲಿನ ಉಷ್ಣತೆಯನ್ನು ಸ್ವಲ್ಪ ಮೀರುವಷ್ಟರಲ್ಲಿ ಅಣುಗಳು ಅಲುಗಾಡಲಾರದೆ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆದ್ದರಿಂದ 25 ಡಿಗ್ರಿ ಸೆಂಟಿಗ್ರೇಡಿನ ಕೋಣೆಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮಿತಿ ಸಾಮಾನ್ಯವಾಗಿ 50-60 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಬಾನೆಟ್ಟಾದರೋ 70 ಡಿಗ್ರಿಗೂ ಮೇಲೆ ಕಾಯಬಲ್ಲದು!

ಪರಿಹಾರವೂ ಇದರಲ್ಲಿಯೇ ಅಡಗಿದೆ. ಅಣುಗಳು ಮತ್ತೆ ಅಲುಗಾಡುವಂತೆ ವಸ್ತುವನ್ನು ಅಚ್ಚಿನಲ್ಲಿಯೇ ಇಟ್ಟು, ಗಂಟೆಗೆ ಸುಮಾರು 10 ಡಿಗ್ರಿಯಂತೆ ನಿಧಾನವಾಗಿ ಕಾಯಿಸಬೇಕು. ಆದರೆ ಎಷ್ಟು ಕಾಯಿಸಿದರೂ ರಾಳ ತನ್ನ ಗರಿಷ್ಠ ಮಿತಿಯನ್ನು ದಾಟಲಾರದು. ಆದುದರಿಂದ ಕೊಳ್ಳುವಾಗಲೇ ತಯಾರಕರು ಕೊಡುವ ಮಾಹಿತಿ ಪತ್ರದಲ್ಲಿ, ಎಷ್ಟು ಕಾಯಿಸಿದರೆ ಎಷ್ಟು ಮಿತಿ ಬರುವುದೆಂಬುದನ್ನು ನೋಡಬೇಕು. ಬಾನೆಟ್ಟಿಗೆ ಆ ಮಿತಿ 80 ಡಿಗ್ರಿಯನ್ನಾದರೂ ಮೀರಿರಬೇಕು. ಎಂಜಿನ್ನಿನ ಬಿಸಿ ನೇರವಾಗಿ ತಾಗುವೆಡೆ ಇನ್ನೂ ಹೆಚ್ಚು.

ನೀವೇ ಪರೀಕ್ಷಿಸಿ

ಬೆರೆಸಿದ ರಾಳದಲ್ಲಿ ಸ್ವಲ್ಪವನ್ನು ಬೇರೆ ತೆಗೆದು, ಬಟ್ಟೆಯಿಲ್ಲದೆ 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಮಾಡಿ, ಅದನ್ನು ಭಾಗದೊಡನೆಯೇ ಗಟ್ಟಿಗೊಳಿಸಿರಿ. ಅಡಿಗೆಗೆ ಬಳಸದ ಪಾತ್ರೆಯೊಂದರಲ್ಲಿ ನೀರು, ಉಷ್ಣಮಾಪಕ ಮತ್ತು ಈ ಪಟ್ಟಿಯನ್ನು ಇಟ್ಟು ಕಾಯಿಸಿರಿ. 5 ಡಿಗ್ರಿ ಏರಿದಾಗಲೆಲ್ಲ ಪಟ್ಟಿಯನ್ನು ಇಕ್ಕಳದಿಂದ ತೆಗೆದು ಬಗ್ಗಿಸಿ ನೋಡಿರಿ. ಅದು ಸುಲಭವಾಗಿ ಬಾಗತೊಡಗಿದ ಉಷ್ಣತೆಯೇ ನಿಮ್ಮ ಕಾರಿನ ಭಾಗದ ಮಿತಿ ಎಂದು ಸ್ಥೂಲವಾಗಿ ತಿಳಿಯಬಹುದು.

ಕೆಲಸ ಮಾಡುವಾಗ ಕೈಗವಸು ಅವಶ್ಯ. ಹಾರ್ಡನರ್ ಪದೇ ಪದೇ ತಾಗಿದರೆ ಚರ್ಮಕ್ಕೆ ಅಲರ್ಜಿಯಾಗಬಹುದು. ಬೆರೆಸಿದ ರಾಳವನ್ನು ಲೋಟದಲ್ಲಿ ರಾಶಿಯಾಗಿ ಬಿಡಲಾಗದು. ಒಳಗೆ ಹುಟ್ಟಿದ ಶಾಖ ಹೊರಹೋಗಲಾರದೆ ಹೊಗೆಯೇಳುವಷ್ಟು ಕಾಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟಿಯರಿಂಗ್, ಸಸ್ಪೆನ್ಷನ್, ಆಸನದ ಪಟ್ಟಿಯ ಕೊಂಡಿ ಮುಂತಾಗಿ ಪ್ರಾಣಕ್ಕೆ ಆಧಾರವಾದ ಭಾಗಗಳನ್ನು ಮನೆಯಲ್ಲಿ ಮಾಡಲಾಗದು. ತಗ್ಗಿದ ಬಾನೆಟ್ಟಿನಿಂದ ಪಾಠ ಕಲಿಯಬಹುದು. ಓಡುವ ಕಾರಿನ ಸ್ಟಿಯರಿಂಗ್ ಮುರಿದರೆ ಪಾಠ ಕಲಿಯಲು ಅವಕಾಶವೇ ಉಳಿಯದು.