ಗುರುತಿಲ್ಲದ ಬೇಟೆಗತ್ತಿ

ಹಳೆಯ ಸಾಮಾನುಗಳ ಅಂಗಡಿಗಳಲ್ಲಿ ಒಮ್ಮೊಮ್ಮೆ ಬೇಟೆಗತ್ತಿಯೊಂದು ಮಾರಾಟಕ್ಕೆ ಬರುವುದುಂಟು. ಅದರ ಮೇಲೆ ತಯಾರಕನ ಹೆಸರಾಗಲಿ, ಊರಿನ ಮುದ್ರೆಯಾಗಲಿ ಇರುವುದಿಲ್ಲ. "ಇದು ಇಂಗ್ಲೆಂಡಿನ ಷೆಫೀಲ್ಡ್ ನಗರದ್ದು, ನೂರೈವತ್ತು ವರ್ಷ ಹಳೆಯದು" ಎನ್ನುತ್ತಾನೆ ಮಾರುವವನು. ನಂಬಿದರೆ ಹಣ ಹೋದೀತು; ನಂಬದಿದ್ದರೆ ಬೆಲೆಯುಳ್ಳ ವಸ್ತುವೊಂದು ಕೈತಪ್ಪೀತು. ಇಂತಹ ಸಂದರ್ಭದಲ್ಲಿ ಬಲ್ಲವರು ಮಾತನ್ನು ಬಿಟ್ಟು ವಸ್ತುವನ್ನೇ ಪ್ರಶ್ನಿಸುತ್ತಾರೆ.

ಮೊದಲ ಸಾಕ್ಷಿ ಅಲಗಿನ ಲೋಹ. ಸಾಮಾನ್ಯ ಉಕ್ಕಿನ ಅಲಗು ಮಾಂಸದ ರಸ, ಹಣ್ಣಿನ ಹುಳಿ ಮತ್ತು ತೇವ ತಗುಲಿ ಕಾಲಕ್ರಮದಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಅಲಗು ಬಹುಮಟ್ಟಿಗೆ ಹೊಳಪನ್ನು ಉಳಿಸಿಕೊಳ್ಳುತ್ತದೆ. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಈ ಬಗೆಯ ಉಕ್ಕನ್ನು ತಯಾರಿಸಿದುದು 1913ರಲ್ಲಿ. ಆದುದರಿಂದ ಅಲಗು ಸ್ಟೇನ್‌ಲೆಸ್ ಸ್ಟೀಲಿನದಾದರೆ ನೂರೈವತ್ತು ವರ್ಷದ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಆದರೆ ಅಲಗು ಸಾಮಾನ್ಯ ಉಕ್ಕಿನದಾದ ಮಾತ್ರಕ್ಕೆ ಕತ್ತಿ ಹಳೆಯದೆಂದು ಹೇಳಲಾಗದು. ಅಂತಹ ಕತ್ತಿಗಳು ಇಂದಿಗೂ ತಯಾರಾಗುತ್ತವೆ. ಅಯಸ್ಕಾಂತವೂ ಇಲ್ಲಿ ನೆರವಾಗದು. ಕತ್ತಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲೂ ಸಾಮಾನ್ಯವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ.

ಎರಡನೆಯ ಸಾಕ್ಷಿ ಹಿಡಿ. ಜಿಂಕೆಯ ಕೊಂಬಿನ ಹಿಡಿ ಹಲವು ದೇಶಗಳಲ್ಲಿ ಬಳಕೆಯಲ್ಲಿತ್ತು. ತೊಗಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿದ ಹಿಡಿಯು ಇಪ್ಪತ್ತನೆಯ ಶತಮಾನದ ಅಮೆರಿಕದ ಬೇಟೆಗತ್ತಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಆದರೆ ಹಿಡಿಯನ್ನೂ ಒರೆಯನ್ನೂ ಬದಲಾಯಿಸಿರುವ ಸಾಧ್ಯತೆಯನ್ನು ಮರೆಯಬಾರದು.

ಮೂರನೆಯದು ಅಳಿದುಹೋದ ಗುರುತು. ಪದೇ ಪದೇ ಸಾಣೆ ಹಿಡಿದುದರಿಂದಲೋ ತುಕ್ಕಿನಿಂದಲೋ ಮುದ್ರೆ ಸವೆದಿರಬಹುದು. ಹಿಡಿಯ ಬಳಿ ಅಲಗಿನ ಬುಡವನ್ನು ಓರೆಬೆಳಕಿನಲ್ಲಿ ಭೂತಗನ್ನಡಿಯಿಂದ ನೋಡಿದರೆ ಒಂದೆರಡು ಅಕ್ಷರಗಳು ತೋರಬಹುದು. ಅದಕ್ಕೆ ಮೊದಲೇ ಮರಳುಕಾಗದದಿಂದ ಉಜ್ಜಿದರೆ ಉಳಿದ ಸಾಕ್ಷಿಯೂ ನಾಶವಾಗುತ್ತದೆ.

ಗುರುತು ದೊರೆತರೂ ಪರೀಕ್ಷೆ ಮುಗಿಯದು. ಷೆಫೀಲ್ಡಿನ ಕತ್ತಿಗಾರರ ಸಂಘವು 1624ರಲ್ಲಿ ಕಾಯಿದೆಯ ಮೂಲಕ ಸ್ಥಾಪಿತವಾಗಿ, ಕುಶಲಕರ್ಮಿಗಳ ಗುರುತುಗಳನ್ನು ನೋಂದಾಯಿಸುತ್ತ ಬಂದಿತು. ಆ ಊರಿನ ಕೀರ್ತಿ ಬೆಳೆದಂತೆ, ಜರ್ಮನಿಯಲ್ಲಿ ತಯಾರಾದ ಕೆಲವು ಸರಕುಗಳಿಗೂ ಅದರ ಹೆಸರನ್ನೇ ಒತ್ತಲಾಯಿತು. ಇಂತಹ ಮೋಸವನ್ನು ತಡೆಯಲು ಬ್ರಿಟಿಷ್ ಸಂಸತ್ತು 1887ರಲ್ಲಿ ಸರಕುಗಳ ಗುರುತಿನ ಕಾಯಿದೆಯನ್ನು ಮಾಡಿತು. ಮುದ್ರೆಯೂ ಸುಳ್ಳು ಹೇಳಬಲ್ಲದೆಂಬುದಕ್ಕೆ ಇದೇ ನಿದರ್ಶನ.

ಎಲ್ಲ ಪರೀಕ್ಷೆಗಳ ಬಳಿಕವೂ "ಸಾಮಾನ್ಯ ಉಕ್ಕಿನ ಅಲಗು, ಕೊಂಬಿನ ಹಿಡಿ, ಬಹಳ ಬಳಸಿದ್ದು, ಮಾಡಿದವರು ತಿಳಿಯದು" ಎಂಬಷ್ಟೇ ಉತ್ತರ ದೊರೆಯಬಹುದು. ಅದು ಸೋಲಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿ, ಊಹೆಯನ್ನು ಊಹೆಯೆಂದೇ ತಿಳಿಸುವುದು ವಸ್ತುವಿಗೂ ಕೊಳ್ಳುವವನಿಗೂ ಸಲ್ಲಿಸುವ ನ್ಯಾಯ.

ಅಭ್ಯಾಸ

1. ಅಲಗಿನ ಲೋಹದಿಂದ ಕತ್ತಿಯ ಕಾಲವನ್ನು ಎಷ್ಟರಮಟ್ಟಿಗೆ ತಿಳಿಯಬಹುದು?
2. ಹಳೆಯ ಕತ್ತಿಯನ್ನು ಕೂಡಲೇ ಉಜ್ಜಬಾರದು, ಏಕೆ?
3. "ಮುದ್ರೆಯೂ ಸುಳ್ಳು ಹೇಳಬಲ್ಲದು" – ಈ ಮಾತನ್ನು ಸಮರ್ಥಿಸಿರಿ.